ಡಯೋಡ್ ಒಳಗಿನ ದಿಬ್ಬ: ಸೆಮಿಕಂಡಕ್ಟರ್ ಬಗ್ಗೆ ಒಂದಿಷ್ಟು ಮಾತು

(ಉಪನ್ಯಾಸದ ಬರಹ ರೂಪ. ಬೋರ್ಡ್ ಮೇಲೆ ಬರೆದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ನಡುನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಡಯೋಡ್ ಅಂದರೆ ಏನು ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಕರೆಂಟನ್ನು ಒಂದೇ ಕಡೆಗೆ ಬಿಡುವ ಸಾಧನ ಅನ್ನುವುದು ಒಂದು. 0.7 ವೋಲ್ಟ್ ಕೊಟ್ಟರೆ ಆನ್ ಆಗುವ ಸಾಧನ ಅನ್ನುವುದು ಇನ್ನೊಂದು. ಪರೀಕ್ಷೆಯಲ್ಲಿ ಎರಡಕ್ಕೂ ಮಾರ್ಕ್ಸ್ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿಗೇ ನಿಲ್ಲಿಸದೆ ಇನ್ನೂ ನಾಲ್ಕು ಪ್ರಶ್ನೆ ಕೇಳಿ ನೋಡಿ. 0.7 ಯಾಕೆ, 0.3 ಯಾಕಲ್ಲ? ಡಯೋಡ್ ಬಿಸಿಯಾದಾಗ ಆ 0.7 ಯಾಕೆ ಇಳಿಯುತ್ತದೆ? ಉಲ್ಟಾ ಹಾಕಿದರೂ ಒಂದು ಚೂರು ಕರೆಂಟ್ ಸೋರುತ್ತದಲ್ಲ, ಅದು ಎಲ್ಲಿಂದ ಬರುತ್ತದೆ? ಎಲ್‌ಇಡಿಗೆ ರೆಸಿಸ್ಟರ್ ಹಾಕದಿದ್ದರೆ ಯಾಕೆ ಸುಟ್ಟುಹೋಗುತ್ತದೆ?

ನಾಲ್ಕಕ್ಕೂ ಉತ್ತರ ಇರುವುದು ಒಂದೇ ಕಡೆ. ಡಯೋಡ್ ಒಳಗೆ ಎಲೆಕ್ಟ್ರಾನ್‌ಗಳು ಹತ್ತಬೇಕಾದ ಒಂದು ದಿಬ್ಬ ಇದೆ. ಆ ಎಲೆಕ್ಟ್ರಾನ್‌ಗಳನ್ನು ಸುಮ್ಮನೆ ಕೂರಲು ಬಿಡದ ಶಾಖ ಇದೆ. ಈ ಎರಡರ ನಡುವಿನ ಜಗ್ಗಾಟ ಅರ್ಥವಾದರೆ ಸಾಕು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಮೊದಲು ಸಿಲಿಕಾನ್ ನೋಡೋಣ. ಅದರ ಪ್ರತಿ ಪರಮಾಣುವಿನ ಹೊರಕವಚದಲ್ಲಿ 4 ಎಲೆಕ್ಟ್ರಾನ್ ಇವೆ. ಹರಳಿನಲ್ಲಿ ಪ್ರತಿ ಪರಮಾಣುವಿಗೂ 4 ನೆರೆಯವರು. ಒಬ್ಬೊಬ್ಬರ ಜೊತೆ ಒಂದೊಂದು ಎಲೆಕ್ಟ್ರಾನ್ ಹಂಚಿಕೊಂಡರೆ ಲೆಕ್ಕ ಸರಿಹೋಯಿತು, ಎಲ್ಲ ಎಲೆಕ್ಟ್ರಾನ್‌ಗಳೂ ಬಂಧಗಳಲ್ಲಿ ಸಿಕ್ಕಿಕೊಂಡವು. ಓಡಾಡಲು ಯಾವುದೂ ಉಳಿಯಲಿಲ್ಲ. ಅಂದಮೇಲೆ ಶುದ್ಧ ಸಿಲಿಕಾನ್‌ನಲ್ಲಿ ಕರೆಂಟೇ ಹರಿಯಬಾರದು, ಅಲ್ವಾ? ಅತಿ ತಣ್ಣಗಿನ ಸ್ಥಿತಿಯಲ್ಲಿ ನಿಜಕ್ಕೂ ಹರಿಯುವುದಿಲ್ಲ.

ಆದರೆ ನಾವು ಡಯೋಡ್ ಬಳಸುವುದು ಕೋಣೆಯ ಬಿಸಿಯಲ್ಲಿ. ಅಲ್ಲಿ ಎಲ್ಲವೂ ನಡುಗುತ್ತಿರುತ್ತದೆ. ಒಂದು ಬಂಧ ಬಿಡಿಸಿ ಎಲೆಕ್ಟ್ರಾನನ್ನು ಹೊರಗೆಳೆಯಲು ಸಿಲಿಕಾನ್‌ನಲ್ಲಿ ಸುಮಾರು 1.12 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು (ಒಂದು ಎಲೆಕ್ಟ್ರಾನ್ 1 ವೋಲ್ಟ್ ದಾಟುವಾಗ ಪಡೆಯುವ ಶಕ್ತಿಯೇ 1 ಎಲೆಕ್ಟ್ರಾನ್‌ವೋಲ್ಟ್). ಇದನ್ನೇ ಬ್ಯಾಂಡ್ ಗ್ಯಾಪ್ ಎನ್ನುತ್ತಾರೆ. ಕೋಣೆಯ ಶಾಖ ಕೊಡುವ ಶಕ್ತಿಯ ಅಳತೆ ಅಂದಾಜು 0.026 ಎಲೆಕ್ಟ್ರಾನ್‌ವೋಲ್ಟ್ ಮಾತ್ರ, ಅಂದರೆ ಬೇಕಾದ್ದರಲ್ಲಿ 40ರಲ್ಲಿ ಒಂದು ಪಾಲೂ ಇಲ್ಲ. ಆದರೂ ಶಾಖ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಎಲ್ಲೋ ಒಂದು ಕಡೆ, ಯಾವುದೋ ಒಂದು ಎಲೆಕ್ಟ್ರಾನಿಗೆ ಆ ಕ್ಷಣಕ್ಕೆ ಸಿಕ್ಕಾಪಟ್ಟೆ ಶಕ್ತಿ ಸಿಕ್ಕಿಬಿಡುತ್ತದೆ, ಅದು ಬಂಧ ಬಿಟ್ಟು ಹೊರಬರುತ್ತದೆ. ಒಂದು ಘನ ಸೆಂಟಿಮೀಟರ್ ಸಿಲಿಕಾನ್‌ನಲ್ಲಿ ಇರುವ ಪರಮಾಣುಗಳ ಸಂಖ್ಯೆ 5ರ ಮುಂದೆ 22 ಸೊನ್ನೆ. ಅಷ್ಟರಲ್ಲಿ ಹೀಗೆ ಹೊರಬಂದು ಓಡಾಡುವ ಎಲೆಕ್ಟ್ರಾನ್‌ಗಳು ಸುಮಾರು ಸಾವಿರ ಕೋಟಿ. ಕೇಳಲು ಬಹಳ ಅನಿಸುತ್ತದೆ, ಆದರೆ ಲೆಕ್ಕ ಹಾಕಿದರೆ 5 ಲಕ್ಷ ಕೋಟಿ ಪರಮಾಣುಗಳಿಗೆ ಒಂದೇ ಒಂದು. ತಾಮ್ರದಲ್ಲಿ ಹೆಚ್ಚುಕಡಿಮೆ ಪ್ರತಿ ಪರಮಾಣುವೂ ಒಂದು ಎಲೆಕ್ಟ್ರಾನನ್ನು ಹರಿಯಲು ಬಿಟ್ಟಿರುತ್ತದೆ. ವಾಹಕಕ್ಕೂ ಅರೆವಾಹಕಕ್ಕೂ (ಸೆಮಿಕಂಡಕ್ಟರ್) ಇರುವ ದೂರ ಇದು.

ಲೋಹ ಬಿಸಿಯಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ. ಶುದ್ಧ ಅರೆವಾಹಕದಲ್ಲಿ ಇಳಿಯುತ್ತದೆ, ಯಾಕೆಂದರೆ ಬಿಸಿ ಜಾಸ್ತಿಯಾದಷ್ಟೂ ಬಿಡಿ ಎಲೆಕ್ಟ್ರಾನ್ ಜಾಸ್ತಿ. ಮೈಕೆಲ್ ಫ್ಯಾರಡೆ 1833ರಲ್ಲೇ ಸಿಲ್ವರ್ ಸಲ್ಫೈಡ್‌ನಲ್ಲಿ ಇದನ್ನು ಕಂಡು ಬರೆದಿಟ್ಟಿದ್ದ. ಕಾರಣ ಹೇಳಲು ಆಗ ಯಾರಿಗೂ ಆಗುತ್ತಿರಲಿಲ್ಲ, ಎಲೆಕ್ಟ್ರಾನನ್ನೇ ಇನ್ನೂ ಕಂಡುಹಿಡಿದಿರಲಿಲ್ಲ. ಸರಿಯಾದ ವಿವರಣೆ ಬಂದದ್ದು 1931ರಲ್ಲಿ, ಅಲನ್ ವಿಲ್ಸನ್ ಕೈಯಲ್ಲಿ.

ಒಂದು ಚಿಕ್ಕ ಹೋಲಿಕೆ ಕೊಡುತ್ತೇನೆ. ಮೊದಲ ಟ್ರಾನ್ಸಿಸ್ಟರ್ 1947ರಲ್ಲಿ ಬಂದದ್ದು ಜರ್ಮೇನಿಯಂನಲ್ಲಿ. ಅದರ ಗ್ಯಾಪ್ ಸುಮಾರು 0.67. ಸಿಲಿಕಾನ್‌ನ ಅರ್ಧಕ್ಕಿಂತ ತುಸು ಜಾಸ್ತಿ ಅಷ್ಟೇ. ಗ್ಯಾಪ್ ಅರ್ಧವಾದರೆ ಬಿಡಿ ಎಲೆಕ್ಟ್ರಾನ್‌ಗಳು ದುಪ್ಪಟ್ಟಾಗಬಹುದು ಅಂದುಕೊಳ್ಳುತ್ತೇವೆ. ಆಗುವುದು ಸಾವಿರಾರು ಪಟ್ಟು. ಅದಕ್ಕೇ ಜರ್ಮೇನಿಯಂ ಸಾಧನಗಳು ಸ್ವಲ್ಪ ಬಿಸಿಯಾದರೂ ಸೋರಲು ಶುರುಮಾಡುತ್ತಿದ್ದವು, ಅದಕ್ಕೇ ಮೈದಾನ ಸಿಲಿಕಾನ್ ಪಾಲಾಯಿತು. ಶಾಖ ಮತ್ತು ದಿಬ್ಬದ ಲೆಕ್ಕದಲ್ಲಿ ಸಣ್ಣ ಬದಲಾವಣೆಗೆ ದೊಡ್ಡ ಪರಿಣಾಮ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲೆಕ್ಟ್ರಾನ್ ಹೊರಬಂದ ಬಂಧದಲ್ಲಿ ಒಂದು ಜಾಗ ಖಾಲಿ ಉಳಿಯಿತಲ್ಲ, ಅದೇ ಹೋಲ್. ಪಕ್ಕದ ಬಂಧದ ಎಲೆಕ್ಟ್ರಾನ್ ಅಲ್ಲಿಗೆ ಜಿಗಿದರೆ ಖಾಲಿ ಜಾಗ ಪಕ್ಕಕ್ಕೆ ಹೋಯಿತು. ಹೀಗೆ ಅದು ಹರಳಿನ ತುಂಬ ಓಡಾಡುತ್ತದೆ, ಧನ ಆವೇಶ ಹೊತ್ತ ಕಣದ ಹಾಗೆ. "ಇದು ಬರೀ ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡದ್ದಾ?" ಎಂದು ಒಬ್ಬರು ಕೇಳಿದರು. ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಕರೆಂಟ್ ಹರಿಯುವ ಪಟ್ಟಿಯನ್ನು ಆಯಸ್ಕಾಂತದ ನಡುವೆ ಇಟ್ಟರೆ ಅಡ್ಡಕ್ಕೆ ಒಂದು ವೋಲ್ಟೇಜ್ ಹುಟ್ಟುತ್ತದೆ, ಅದು ಹಾಲ್ ಪರಿಣಾಮ. ಹೋಲ್‌ಗಳೇ ಹೆಚ್ಚಿರುವ, ಪಿ ಬಗೆ ಎನ್ನುವ ಸಿಲಿಕಾನ್‌ನಲ್ಲಿ ಆ ವೋಲ್ಟೇಜಿನ ಚಿಹ್ನೆ ತಿರುಗುಮುರುಗಾಗುತ್ತದೆ, ಹರಿಯುತ್ತಿರುವುದು ಪ್ಲಸ್ ಆವೇಶವೇ ಅನ್ನುವ ಹಾಗೆ. ಮೀಟರೇ ಹೋಲ್ ಇದೆ ಅನ್ನುವಾಗ ನಾವು ಇಲ್ಲ ಅನ್ನುವುದು ಕಷ್ಟ.

ಈಗ ಡೋಪಿಂಗ್, ಅಂದರೆ ಹರಳಿಗೆ ಬೇಕೆಂದೇ ಬೇರೆ ಪರಮಾಣುಗಳನ್ನು ಬೆರೆಸುವುದು. ಸಿಲಿಕಾನ್ ಜಾಗದಲ್ಲಿ ಒಂದು ಫಾಸ್ಫರಸ್ ಪರಮಾಣು ಕೂರಿಸಿದರೆ ಅದರ ಹತ್ತಿರ 5 ಎಲೆಕ್ಟ್ರಾನ್. ನಾಲ್ಕು ಬಂಧಗಳಿಗೆ ಹೋದವು, ಐದನೆಯದಕ್ಕೆ ಕೆಲಸವಿಲ್ಲ. ಅದನ್ನು ಬಿಡಿಸಲು 1.12 ಬೇಡ, 0.045 ಎಲೆಕ್ಟ್ರಾನ್‌ವೋಲ್ಟ್ ಸಾಕು. ಕೋಣೆಯ ಶಾಖಕ್ಕೆ ಇದು ಆಗುವ ಕೆಲಸ. ಇದು ಎನ್ ಬಗೆ. 3 ಎಲೆಕ್ಟ್ರಾನ್ ಇರುವ ಬೋರಾನ್ ಹಾಕಿದರೆ ಒಂದು ಬಂಧ ಅರ್ಧಂಬರ್ಧ ಉಳಿದು ಹೋಲ್ ಸಿಗುತ್ತದೆ, ಅದು ಪಿ ಬಗೆ. ಎಷ್ಟು ಹಾಕಬೇಕು? 50 ಲಕ್ಷ ಸಿಲಿಕಾನ್ ಪರಮಾಣುಗಳಿಗೆ ಒಂದು ಫಾಸ್ಫರಸ್ ಹಾಕಿದರೂ ಬಿಡಿ ಎಲೆಕ್ಟ್ರಾನ್‌ಗಳ ಸಂಖ್ಯೆ 10 ಲಕ್ಷ ಪಟ್ಟು ಏರುತ್ತದೆ. ಬೇಡದ ಕಲ್ಮಶವೂ ಇದೇ ಕೆಲಸ ಮಾಡಬಲ್ಲದು ಅನ್ನುವುದನ್ನು ಮರೆಯಬಾರದು. ಅದಕ್ಕೇ ಚಿಪ್ ಮಾಡುವ ಸಿಲಿಕಾನ್ 99.9999999 ಶೇಕಡಾ ಶುದ್ಧ ಇರಬೇಕು ಅನ್ನುವುದು, ಅದು ಸುಮ್ನೆ ಹೇಳುವ ಮಾತಲ್ಲ. ಮೊದಲು ಎಲ್ಲ ಕೊಳೆ ತೆಗೆದು, ಆಮೇಲೆ ಬೇಕಾದ ಕೊಳೆಯನ್ನು ಎಣಿಸಿ ಹಾಕುವ ಉದ್ಯಮ ಇದು.

ಇಲ್ಲಿ ಒಂದು ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ಎನ್ ಬಗೆ ಅಂದರೆ ಮೈನಸ್ ಆವೇಶ ತುಂಬಿದ ತುಂಡು ಅಂದುಕೊಳ್ಳುತ್ತಾರೆ. ಅಲ್ಲ. ಫಾಸ್ಫರಸ್ ಒಂದು ಎಲೆಕ್ಟ್ರಾನ್ ಜಾಸ್ತಿ ತಂದಿತು ನಿಜ, ಆದರೆ ನ್ಯೂಕ್ಲಿಯಸ್‌ನಲ್ಲಿ ಒಂದು ಪ್ರೋಟಾನನ್ನೂ ಜಾಸ್ತಿ ತಂದಿದೆ. ಒಟ್ಟು ಆವೇಶ ಸೊನ್ನೆ. ವ್ಯತ್ಯಾಸ ಒಂದೇ: ಆ ಎಲೆಕ್ಟ್ರಾನ್ ಓಡಾಡಬಲ್ಲದು, ಪ್ಲಸ್ ಆದ ಫಾಸ್ಫರಸ್ ಪರಮಾಣು ಮಾತ್ರ ಹರಳಿನಲ್ಲಿ ಕೂತಲ್ಲೇ ಇರುತ್ತದೆ. ಡಯೋಡ್‌ನ ಕಥೆ ಇರುವುದು ಈ ವ್ಯತ್ಯಾಸದಲ್ಲೇ.

ಒಂದೇ ಹರಳಿನ ಒಂದು ಭಾಗ ಪಿ, ಇನ್ನೊಂದು ಭಾಗ ಎನ್ ಇರಲಿ. (ಎರಡು ತುಂಡುಗಳನ್ನು ತಂದು ಅಂಟಿಸಿದ ಹಾಗೆ ಚಿತ್ರ ಬರೆಯುತ್ತಾರೆ. ಹಾಗೆ ಯಾರೂ ಮಾಡುವುದಿಲ್ಲ, ಮಾಡಿದರೆ ಕೆಲಸವೂ ಮಾಡುವುದಿಲ್ಲ.) ಎನ್ ಕಡೆ ಎಲೆಕ್ಟ್ರಾನ್ ಕಿಕ್ಕಿರಿದಿವೆ, ಪಿ ಕಡೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಶಾಖದ ಕುಣಿತದಲ್ಲಿ ಅವು ದಿಕ್ಕುದೆಸೆ ಇಲ್ಲದೆ ಓಡಾಡುತ್ತಾ ಓಡಾಡುತ್ತಾ ಗಡಿ ದಾಟಿ ಪಿ ಕಡೆ ಹೋಗುತ್ತವೆ, ಅಲ್ಲಿ ಹೋಲ್‌ಗಳಲ್ಲಿ ಬಿದ್ದು ಕಣ್ಮರೆಯಾಗುತ್ತವೆ. ಹೋಲ್‌ಗಳೂ ಹೀಗೇ ಈಚೆಗೆ ಬರುತ್ತವೆ. ಯಾರೂ ಎಳೆಯುತ್ತಿಲ್ಲ, ತಳ್ಳುತ್ತಿಲ್ಲ. ದಟ್ಟಣೆ ಇದ್ದಲ್ಲಿಂದ ಇಲ್ಲದ ಕಡೆಗೆ ಹರಡುವುದು ಅಷ್ಟೇ.

ಎಲೆಕ್ಟ್ರಾನ್ ಹೋಯಿತು, ಅದನ್ನು ಕೊಟ್ಟ ಫಾಸ್ಫರಸ್ ಪ್ಲಸ್ ಆಗಿ ಗಡಿಯ ಎನ್ ಕಡೆಯಲ್ಲಿ ಉಳಿಯಿತು. ಆಚೆ ಎಲೆಕ್ಟ್ರಾನ್ ಪಡೆದ ಬೋರಾನ್ ಮೈನಸ್ ಆಗಿ ಪಿ ಕಡೆಯಲ್ಲಿ ಉಳಿಯಿತು. ಎರಡೂ ಜಾಗ ಬಿಟ್ಟು ಕದಲುವುದಿಲ್ಲ. ಗಡಿಯ ಎರಡೂ ಬದಿ ಓಡಾಡುವವರೇ ಇಲ್ಲದ ಒಂದು ತೆಳು ಪದರ ಆಯಿತು, ಅದು ಡಿಪ್ಲೀಷನ್ ಪದರ. ಈಗ ಎನ್ ಕಡೆಯಿಂದ ಹೊರಟ ಹೊಸ ಎಲೆಕ್ಟ್ರಾನಿನ ಕಷ್ಟ ನೋಡಿ. ಹಿಂದೆ ಪ್ಲಸ್, ಎಳೆಯುತ್ತದೆ. ಮುಂದೆ ಮೈನಸ್, ತಳ್ಳುತ್ತದೆ. ಅದಕ್ಕೆ ಇದು ಹತ್ತಬೇಕಾದ ದಿಬ್ಬ. ಹೆಚ್ಚು ಎಲೆಕ್ಟ್ರಾನ್ ದಾಟಿದಷ್ಟೂ ದಿಬ್ಬ ಎತ್ತರವಾಗುತ್ತದೆ, ಎತ್ತರವಾದಷ್ಟೂ ದಾಟುವವರು ಕಡಿಮೆಯಾಗುತ್ತಾರೆ. ಕೊನೆಗೆ ಒಂದು ಕಡೆ ನಿಲ್ಲುತ್ತದೆ. ನಿಲ್ಲುತ್ತದೆ ಅಂದರೆ ಓಡಾಟ ನಿಂತಿತು ಅಂತಲ್ಲ. ಶಾಖದ ಬಲದಿಂದ ದಿಬ್ಬ ಹತ್ತಿ ಆಚೆ ಹೋಗುವವರು ಎಷ್ಟೋ, ಆಚೆಯಿಂದ ಜಾರಿ ಈಚೆ ಬರುವವರೂ ಅಷ್ಟೇ ಅನ್ನುವ ಸ್ಥಿತಿ.

ಮೇಲೆ ಹೇಳಿದ ಪ್ರಮಾಣದ ಡೋಪಿಂಗ್ ಎರಡೂ ಕಡೆ ಇದ್ದರೆ ದಿಬ್ಬದ ಎತ್ತರ ಸುಮಾರು 0.7 ವೋಲ್ಟ್. ಪದರದ ಅಗಲ ಅರ್ಧ ಮೈಕ್ರಾನ್‌ಗಿಂತ ಕಡಿಮೆ. 0.7 ಸಣ್ಣದು ಅನಿಸಬಹುದು, ಆದರೆ ಅಷ್ಟು ಕಿರಿದಾದ ಜಾಗದಲ್ಲಿ ಅಂದರೆ ಸೆಂಟಿಮೀಟರಿಗೆ 15,000 ವೋಲ್ಟ್‌ಗಿಂತ ಜಾಸ್ತಿ ಲೆಕ್ಕ ಬೀಳುತ್ತದೆ.

ಇಲ್ಲಿ ಹಿಂದಿನ ಸಾಲಿನಿಂದ ಒಳ್ಳೆಯ ಪ್ರಶ್ನೆ ಬಂತು: "ಹಾಗಾದರೆ ಸುಮ್ನೆ ಇಟ್ಟ ಡಯೋಡ್‌ಗೆ ಮೀಟರ್ ಹಿಡಿದರೆ 0.7 ತೋರಿಸಬೇಕಲ್ಲ ಸಾರ್?" ತೋರಿಸುವುದಿಲ್ಲ, ಸೊನ್ನೆ ತೋರಿಸುತ್ತದೆ. ಯಾಕೆಂದರೆ ಡಯೋಡ್‌ನ ಕಾಲುಗಳು ಲೋಹ. ಲೋಹ ಮತ್ತು ಪಿ ಸೇರುವಲ್ಲಿ ಒಂದು ಮೆಟ್ಟಿಲು, ಲೋಹ ಮತ್ತು ಎನ್ ಸೇರುವಲ್ಲಿ ಇನ್ನೊಂದು ಮೆಟ್ಟಿಲು ಇರುತ್ತದೆ. ಮೂರನ್ನೂ ಕೂಡಿಸಿದರೆ ಸರಿಯಾಗಿ ಸೊನ್ನೆ. ಹಾಗಿರಲೇಬೇಕು, ಇಲ್ಲದಿದ್ದರೆ ಒಂದು ಡಯೋಡ್ ಯಾವುದೇ ಇಂಧನ ಇಲ್ಲದೆ ಎಂದೆಂದಿಗೂ ಓಡುವ ಬ್ಯಾಟರಿ ಆಗಿಬಿಡುತ್ತಿತ್ತು.

ಈಗ ಬ್ಯಾಟರಿ ಜೋಡಿಸೋಣ. ಪಿ ಕಡೆಗೆ ಪ್ಲಸ್, ಎನ್ ಕಡೆಗೆ ಮೈನಸ್, ಇದು ಫಾರ್ವರ್ಡ್ ಬಯಾಸ್. ಹೊರಗಿನ ವೋಲ್ಟೇಜು ದಿಬ್ಬವನ್ನು ತಗ್ಗಿಸುತ್ತದೆ. ಸ್ವಲ್ಪವೇ ತಗ್ಗಿಸಿದರೂ ಹತ್ತಬಲ್ಲವರ ಸಂಖ್ಯೆ ಏಕಾಏಕಿ ಏರುತ್ತದೆ, ಜರ್ಮೇನಿಯಂ ವಿಷಯದಲ್ಲಿ ನೋಡಿದ್ದೆವಲ್ಲ ಅದೇ ಲೆಕ್ಕ. ಕೋಣೆಯ ಬಿಸಿಯಲ್ಲಿ ದಿಬ್ಬ 60 ಮಿಲಿವೋಲ್ಟ್ ತಗ್ಗಿದರೆ ಕರೆಂಟ್ 10 ಪಟ್ಟು. ಇನ್ನೂ 60 ತಗ್ಗಿದರೆ 100 ಪಟ್ಟು. 300 ತಗ್ಗಿದರೆ ಲಕ್ಷ ಪಟ್ಟು. ನಿಜವಾದ ಡಯೋಡ್‌ಗಳಲ್ಲಿ ಈ 60 ಅನ್ನುವುದು 60ರಿಂದ 120ರ ನಡುವೆ ಎಲ್ಲಾದರೂ ಇರುತ್ತದೆ, ಆದರೆ ನಡತೆ ಇದೇ.

ಹಾಗಾದರೆ 0.7ರಲ್ಲಿ ಏನು ನಡೆಯುತ್ತದೆ? ವಿಶೇಷ ಏನೂ ಇಲ್ಲ. 0.4ರಲ್ಲೂ ಕರೆಂಟ್ ಹರಿಯುತ್ತಿರುತ್ತದೆ, ನಮ್ಮ ಗ್ರಾಫ್‌ನ ಅಳತೆಪಟ್ಟಿಯಲ್ಲಿ ಅದು ಕಾಣುವುದಿಲ್ಲ ಅಷ್ಟೇ. ಮಿಲಿಆಂಪಿಯರ್ ಲೆಕ್ಕದಲ್ಲಿ ಗ್ರಾಫ್ ಬರೆದರೆ ಮೊಣಕಾಲು, ಅಂದರೆ ಗೆರೆ ಥಟ್ಟನೆ ಮೇಲೇಳುವ ತಿರುವು, 0.6, 0.7ರ ಹತ್ತಿರ ಕಾಣುತ್ತದೆ. ಮೈಕ್ರೋಆಂಪಿಯರ್ ಲೆಕ್ಕದಲ್ಲಿ ಬರೆದರೆ ಅದೇ ಡಯೋಡ್‌ನ ಮೊಣಕಾಲು ಇನ್ನೂ ಕೆಳಗೆ ಸರಿಯುತ್ತದೆ. ಎಲ್ಲರ ಕೈಯಲ್ಲೂ ಇರುವ 1ಎನ್4007 ಅನ್ನುವ ಡಯೋಡ್‌ನ ಡೇಟಾಶೀಟ್ ತೆಗೆದು ನೋಡಿ, 1 ಆಂಪಿಯರ್ ಹರಿಯುವಾಗ ಗರಿಷ್ಠ 1.1 ವೋಲ್ಟ್ ಅಂತ ಬರೆದಿರುತ್ತದೆ. 0.7 ಕೈಗೆ ಸಿಗುವ ಒಂದು ಅಂದಾಜು, ಲೆಕ್ಕಕ್ಕೆ ಅನುಕೂಲ. ಅದನ್ನು ಡಯೋಡ್‌ನ ಗುಣ ಅಂತ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ.

ಉಲ್ಟಾ ಜೋಡಿಸಿದರೆ, ಅಂದರೆ ರಿವರ್ಸ್ ಬಯಾಸ್‌ನಲ್ಲಿ, ದಿಬ್ಬ ಇನ್ನೂ ಎತ್ತರವಾಗುತ್ತದೆ. ಎನ್ ಕಡೆಯ ಎಲೆಕ್ಟ್ರಾನ್‌ಗಳಿಗೆ ಹತ್ತಲು ಸಾಧ್ಯವೇ ಇಲ್ಲ. ಆದರೆ ಪಿ ಕಡೆಯಲ್ಲಿ ಶಾಖದಿಂದ ಆಗೊಮ್ಮೆ ಈಗೊಮ್ಮೆ ಒಂದೊಂದು ಎಲೆಕ್ಟ್ರಾನ್ ಬಂಧ ಬಿಟ್ಟು ಬರುತ್ತದಲ್ಲ, ಅದು ಇರುವುದು ದಿಬ್ಬದ ಮೇಲ್ಭಾಗದಲ್ಲಿ! ಗಡಿಯ ಹತ್ತಿರ ಬಂದರೆ ಜಾರಿ ಈಚೆ ಬರುತ್ತದೆ. ಡಿಪ್ಲೀಷನ್ ಪದರದ ಒಳಗೇ ಹುಟ್ಟಿದವೂ ಹಾಗೇ ಜಾರುತ್ತವೆ. ಸೋರಿಕೆ ಕರೆಂಟ್ ಅಂದರೆ ಇದು. ಸಿಲಿಕಾನ್ ಡಯೋಡ್‌ಗಳಲ್ಲಿ ನ್ಯಾನೋಆಂಪಿಯರ್ ಲೆಕ್ಕದ್ದು. ದಿಬ್ಬ ಎಷ್ಟೇ ಎತ್ತರವಾದರೂ ಇದು ಅಷ್ಟಾಗಿ ಬದಲಾಗುವುದಿಲ್ಲ, ಜಾರುವವರ ಸಂಖ್ಯೆಯನ್ನು ತೀರ್ಮಾನ ಮಾಡುವುದು ಎತ್ತರವಲ್ಲ, ಶಾಖ. ಬಿಸಿ ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ದುಪ್ಪಟ್ಟಾಗುತ್ತದೆ ಅನ್ನುವ ಅಂದಾಜು ಬಂದಿರುವುದು ಇಲ್ಲಿಂದ.

ಅಂದರೆ ಒಂದೇ ಕಡೆ ತೆರೆಯುವ ಬಾಗಿಲು ಅಂತ ಏನೂ ಒಳಗಿಲ್ಲ. ಎರಡೂ ಕಡೆಗೆ ಸದಾ ಓಡಾಟ ಇದೆ. ನಾವು ಎತ್ತರ ಬದಲಿಸಿದಾಗ ಹತ್ತುವವರ ಸಂಖ್ಯೆ ಲಕ್ಷಪಟ್ಟು ಏರುಪೇರಾಗುತ್ತದೆ, ಜಾರುವವರದು ಇದ್ದ ಹಾಗೇ ಇರುತ್ತದೆ.

ರಿವರ್ಸ್ ವೋಲ್ಟೇಜ್ ಏರಿಸುತ್ತಲೇ ಹೋದರೆ ಒಂದು ಹಂತದಲ್ಲಿ ಡಯೋಡ್ ಕೈಚೆಲ್ಲುತ್ತದೆ. 1ಎನ್4001ಕ್ಕೆ 50 ವೋಲ್ಟ್, 1ಎನ್4007ಕ್ಕೆ 1000 ವೋಲ್ಟ್ ಅಂತ ಮಿತಿ ಕೊಡುವುದು ಇದಕ್ಕೇ. ಜಾರುವ ಎಲೆಕ್ಟ್ರಾನ್ ಅಷ್ಟು ಜೋರಾಗಿ ಬಂದು ಬಂಧಗಳಿಗೆ ಗುದ್ದಿ ಇನ್ನಷ್ಟು ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ, ಅವು ಮತ್ತಷ್ಟನ್ನು. ಇದು ಅವಲಾಂಚ್. ಡೋಪಿಂಗ್ ತುಂಬ ಜಾಸ್ತಿ ಇದ್ದು ಪದರ ತೀರ ತೆಳುವಾಗಿದ್ದರೆ ಎಲೆಕ್ಟ್ರಾನ್‌ಗಳು ದಿಬ್ಬವನ್ನು ಹತ್ತದೆ ಇಳಿಯದೆ ನೇರ ತೂರಿಹೋಗುತ್ತವೆ, ಅದು ಕ್ಲಾರೆನ್ಸ್ ಝೀನರ್ 1934ರಲ್ಲಿ ವಿವರಿಸಿದ ಪರಿಣಾಮ. ಅಂಗಡಿಯಲ್ಲಿ ಸಿಗುವ 12 ವೋಲ್ಟ್ ಝೀನರ್ ಕೆಲಸ ಮಾಡುವುದು ನಿಜಕ್ಕೂ ಅವಲಾಂಚ್‌ನಿಂದ, ಆದರೂ ಹೆಸರು ಝೀನರ್ ಎಂದೇ ಉಳಿದುಬಿಟ್ಟಿದೆ. ಬಿಸಿಯಾದಾಗ ಒಂದರ ವೋಲ್ಟೇಜ್ ಏರುತ್ತದೆ, ಇನ್ನೊಂದರದು ಇಳಿಯುತ್ತದೆ. 5.6 ವೋಲ್ಟ್ ಸುತ್ತಮುತ್ತ ಎರಡೂ ಸರಿದೂಗುತ್ತವೆ, ಅದಕ್ಕೇ ಬದಲಾಗದ ರೆಫರೆನ್ಸ್ ವೋಲ್ಟೇಜ್ ಬೇಕಾದವರು ಆ ಬೆಲೆಯ ಹತ್ತಿರದ್ದನ್ನು ಹುಡುಕುವುದು.

ಇತಿಹಾಸ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಇದೆಲ್ಲ ಅರ್ಥವಾಗುವ ಎಷ್ಟೋ ಮೊದಲೇ ಜನ ಡಯೋಡ್ ಬಳಸುತ್ತಿದ್ದರು. 1874ರಲ್ಲಿ ಫರ್ಡಿನಾಂಡ್ ಬ್ರೌನ್ ಲೋಹದ ಸಲ್ಫೈಡ್ ಹರಳುಗಳಲ್ಲಿ ಕರೆಂಟ್ ಎರಡೂ ಕಡೆಗೆ ಸಮನಾಗಿ ಹರಿಯುವುದಿಲ್ಲ ಅಂತ ಕಂಡ. ಜಗದೀಶ ಚಂದ್ರ ಬೋಸರು ರೇಡಿಯೋ ಅಲೆ ಗುರುತಿಸುವ ಗೆಲೀನಾ (ಸೀಸದ ಸಲ್ಫೈಡ್) ಹರಳಿನ ಡಿಟೆಕ್ಟರ್‌ಗೆ 1901ರಲ್ಲಿ ಅಮೆರಿಕದಲ್ಲಿ ಅರ್ಜಿ ಹಾಕಿದರು, 1904ರಲ್ಲಿ ಪೇಟೆಂಟ್ ಸಿಕ್ಕಿತು. 1940ರಲ್ಲಿ ಬೆಲ್ ಲ್ಯಾಬ್ಸ್‌ನ ರಸೆಲ್ ಓಲ್ ಬಿರುಕು ಬಿಟ್ಟ ಒಂದು ಸಿಲಿಕಾನ್ ತುಂಡನ್ನು ಪರೀಕ್ಷಿಸುತ್ತಿದ್ದಾಗ ಬೆಳಕು ಬಿದ್ದರೆ ಅದು ಸುಮಾರು ಅರ್ಧ ವೋಲ್ಟ್ ಕೊಡುವುದು ಕಂಡಿತು. ಕರಗಿದ ಸಿಲಿಕಾನ್ ಗಟ್ಟಿಯಾಗುವಾಗ ಕಲ್ಮಶಗಳು ತಾವಾಗಿಯೇ ಬೇರೆಬೇರೆ ಕಡೆ ಸೇರಿ ಪಿ ಮತ್ತು ಎನ್ ಆಗಿಬಿಟ್ಟಿದ್ದವು. ಬೆಳಕು ಬಂಧ ಬಿಡಿಸಿತು, ದಿಬ್ಬ ಎಲೆಕ್ಟ್ರಾನನ್ನೂ ಹೋಲನ್ನೂ ಬೇರೆಬೇರೆ ಕಡೆಗೆ ಜಾರಿಸಿತು. ಸೋಲಾರ್ ಪ್ಯಾನೆಲ್ ಮಾಡುವುದು ಇದನ್ನೇ.

ಇದರ ಉಲ್ಟಾ ಎಲ್‌ಇಡಿ. ದಿಬ್ಬ ದಾಟಿದ ಎಲೆಕ್ಟ್ರಾನ್ ಹೋಲ್‌ನಲ್ಲಿ ಬಿದ್ದಾಗ ಗ್ಯಾಪ್‌ನಷ್ಟು ಶಕ್ತಿ ಹೊರಬರಬೇಕು. ಸಿಲಿಕಾನ್‌ನಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಶಾಖವಾಗಿ ಹೋಗುತ್ತದೆ. ಗ್ಯಾಲಿಯಂ ಸಂಯುಕ್ತಗಳಲ್ಲಿ ಬೆಳಕಾಗಿ ಬರುತ್ತದೆ. ಗ್ಯಾಪ್ ದೊಡ್ಡದಾದಷ್ಟೂ ಬಣ್ಣ ನೀಲಿಯ ಕಡೆಗೆ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಹತ್ತಿರ, ನೀಲಿಗೆ 3ರ ಹತ್ತಿರ ಬೇಕಾಗುವುದು ಅದಕ್ಕೇ. ಕೆಂಪು 1962ಕ್ಕೇ ಬಂದಿತ್ತು. ಒಳ್ಳೆಯ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು, ಅದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಅವರಿಗೆ 2014ರಲ್ಲಿ ನೊಬೆಲ್ ಸಿಕ್ಕಿತು.

ರೆಸಿಸ್ಟರ್ ಪ್ರಶ್ನೆಗೆ ಬರೋಣ. ಎಲ್‌ಇಡಿಗೆ ಅಳೆದು ಸರಿಯಾಗಿ 2 ವೋಲ್ಟ್ ಕೊಟ್ಟರೆ ಸಾಕಲ್ಲ, ರೆಸಿಸ್ಟರ್ ಯಾಕೆ? ವೋಲ್ಟೇಜ್ ಒಂದು ಚೂರು ಏರಿದರೆ ಕರೆಂಟ್ ಎಷ್ಟೋ ಪಟ್ಟು ಏರುತ್ತದೆ, ಇದು ಮೊದಲನೆಯ ತೊಂದರೆ. ಎರಡನೆಯದು ಇನ್ನೂ ಕೆಟ್ಟದ್ದು: ಕರೆಂಟ್ ಹರಿದು ಎಲ್‌ಇಡಿ ಬಿಸಿಯಾಗುತ್ತದೆ, ಬಿಸಿಯಾದರೆ ಅದೇ ವೋಲ್ಟೇಜಿಗೆ ಇನ್ನೂ ಜಾಸ್ತಿ ಎಲೆಕ್ಟ್ರಾನ್ ದಿಬ್ಬ ಹತ್ತುತ್ತವೆ, ಕರೆಂಟ್ ಇನ್ನೂ ಏರುತ್ತದೆ, ಇನ್ನೂ ಬಿಸಿ, ಇನ್ನೂ ಕರೆಂಟ್, ಕೊನೆಗೆ ಹೊಗೆ. ರೆಸಿಸ್ಟರ್ ಇದ್ದರೆ ಕರೆಂಟ್ ಏರಿದ ಕೂಡಲೇ ಅದರ ಮೇಲೆ ಬೀಳುವ ವೋಲ್ಟೇಜ್ ಏರಿ ಎಲ್‌ಇಡಿಯ ಪಾಲು ತಗ್ಗುತ್ತದೆ. 5 ವೋಲ್ಟ್‌ನಿಂದ ಕೆಂಪು ಎಲ್‌ಇಡಿ ಉರಿಸಬೇಕು, 10 ಮಿಲಿಆಂಪಿಯರ್ ಬೇಕು ಅಂದರೆ ಉಳಿದ 3 ವೋಲ್ಟನ್ನು 0.01ರಿಂದ ಭಾಗಿಸಿ, 300 ಓಮ್. ಸುಲಭವಾಗಿ ಸಿಗುವ 330 ಹಾಕಿದರೆ ಆಯಿತು.

ಇನ್ನು ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್. ನಾಲ್ಕು ಡಯೋಡ್, ಪ್ರತಿ ಅರ್ಧ ಸುತ್ತಿಗೂ ಎರಡೆರಡು ಕೆಲಸ ಮಾಡುತ್ತವೆ. 12 ವೋಲ್ಟ್ ಎಸಿ ಕೊಟ್ಟು ಕೆಪಾಸಿಟರ್ ಹಾಕಿದರೆ 15 ವೋಲ್ಟ್ ದಾಟಿ ಬರುವುದು ನೋಡಿ ಗಾಬರಿಯಾಗಬೇಡಿ. 12 ಅನ್ನುವುದು ಆರ್‌ಎಂಎಸ್, ಅಂದರೆ ಒಂದು ಬಗೆಯ ಸರಾಸರಿ ಲೆಕ್ಕ, ಶಿಖರ ಸುಮಾರು 17, ಅದರಲ್ಲಿ ಎರಡು ಡಯೋಡ್‌ಗಳ 1.4 ಕಳೆಯಿರಿ.

ಕೊನೆಗೆ ಒಬ್ಬರು ಕೇಳಿದ್ದು, ಸ್ವಿಚಿಂಗ್ ಸರ್ಕ್ಯೂಟ್‌ನಲ್ಲಿ (ಕರೆಂಟನ್ನು ಬಹಳ ವೇಗವಾಗಿ ಆನ್ ಆಫ್ ಮಾಡುವಂಥದ್ದು) 1ಎನ್4007 ಯಾಕೆ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ ಅಂತ. ಹರಿಯುವಾಗ ಗಡಿಯ ಎರಡೂ ಬದಿ ದಾಟಿಬಂದ ಎಲೆಕ್ಟ್ರಾನ್, ಹೋಲ್‌ಗಳು ತುಂಬಿರುತ್ತವೆ. ವೋಲ್ಟೇಜ್ ತಿರುಗಿದ ಕೂಡಲೇ ಅವು ಮಾಯವಾಗುವುದಿಲ್ಲ, ಖಾಲಿಯಾಗುವವರೆಗೆ ಡಯೋಡ್ ಉಲ್ಟಾ ದಿಕ್ಕಿನಲ್ಲೂ ಹರಿಯಬಿಡುತ್ತದೆ. ಸೆಕೆಂಡಿಗೆ 50 ಸಲ ತಿರುಗುವ ಎಸಿಗೆ ಇದು ಲೆಕ್ಕಕ್ಕಿಲ್ಲ, ಲಕ್ಷ ಸಲ ತಿರುಗಿದರೆ ದೊಡ್ಡ ನಷ್ಟ. 1ಎನ್4148 ಇದನ್ನು 4 ನ್ಯಾನೋಸೆಕೆಂಡಿನಲ್ಲಿ ಮುಗಿಸುತ್ತದೆ, ಆದರೆ ಅದು ಸಣ್ಣ ಕರೆಂಟಿನದು. ಜಾಸ್ತಿ ಕರೆಂಟ್, ಕಡಿಮೆ ವೋಲ್ಟೇಜ್ ಇರುವಲ್ಲಿ ಶಾಟ್ಕಿ ಡಯೋಡ್ ಹಾಕಿ. ಅದರಲ್ಲಿ ದಿಬ್ಬ ಇರುವುದು ಲೋಹಕ್ಕೂ ಅರೆವಾಹಕಕ್ಕೂ ನಡುವೆ, ಎತ್ತರವೂ ಕಡಿಮೆ, ಹೀಗೆ ತುಂಬಿಕೊಳ್ಳುವ ತಾಪತ್ರಯವೂ ಇಲ್ಲ. ಸೋರಿಕೆ ಮಾತ್ರ ಜಾಸ್ತಿ. ದಿಬ್ಬ ತಗ್ಗಿದ್ದರೆ ಸೋರಲೇಬೇಕಲ್ಲ.

ಇಷ್ಟು ಹೇಳಿದ್ದರಲ್ಲಿ ಒಂದನ್ನಾದರೂ ನೀವೇ ನೋಡಬೇಕು ಅನಿಸಿದರೆ ಒಂದು ಮಲ್ಟಿಮೀಟರ್, ಒಂದು ಡಯೋಡ್ ಸಾಕು. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಪಟ್ಟೆ ಇರುವ ಕಾಲಿಗೆ, ಅಂದರೆ ಕ್ಯಾಥೋಡ್‌ಗೆ, ಕಪ್ಪು ಪ್ರೋಬ್, ಇನ್ನೊಂದಕ್ಕೆ ಕೆಂಪು. 0.5, 0.6ರ ಆಸುಪಾಸು ಏನೋ ಒಂದು ಅಂಕಿ ಬರುತ್ತದೆ. ಪ್ರೋಬ್‌ಗಳನ್ನು ಕ್ಲಿಪ್ ಮಾಡಿಬಿಡಿ. ಕಾಲುಗಳನ್ನು ಮುಟ್ಟದೆ ಡಯೋಡ್‌ನ ಮೈಯನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಅಂಕಿ ನೋಡುತ್ತಿರಿ. ಒಂದೊಂದೇ ಮಿಲಿವೋಲ್ಟ್ ಇಳಿಯುತ್ತಾ ಹೋಗುತ್ತದೆ, ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್. ಬೆರಳು ಬಿಟ್ಟರೆ ಮೆಲ್ಲಗೆ ಮತ್ತೆ ಏರುತ್ತದೆ.